ಹೊಟ್ಟೆ ನೀರು, ಸಿಎ-125, ಟಿಬಿ

ರಕ್ತದಲ್ಲಿ ಸಿಎ-125 (ಕ್ಯಾನ್ಸರ್ ಸುಳಿವಿಗೆ ಅಂತ ನೋಡೋ ಒಂದು ಪ್ರೋಟೀನ್, ಇಂಥದಕ್ಕೇ ಮಾರ್ಕರ್ ಅನ್ನೋದು) ಜಾಸ್ತಿ ಬಂತು ಅಂದ್ರೆ ಅಂಡಾಶಯದ ಕ್ಯಾನ್ಸರೇ ಅಂತ ಮನೇಲೆಲ್ಲ ಅಳು ಶುರುವಾಗುತ್ತಲ್ಲ, ಸ್ವಲ್ಪ ತಡೀರಿ. ನಾರ್ಮಲ್ ಅಂದ್ರೆ 35ರ ಒಳಗೆ, ಸರಿ, ಆದ್ರೆ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯೋ ತೊಂದ್ರೆ), ಲಿವರ್ ಸಿರೋಸಿಸ್, ಬಸುರಿ, ಅಷ್ಟೇ ಯಾಕೆ ಮುಟ್ಟಿನ ಟೈಮಲ್ಲೂ ಅದು ಏರಬಹುದು. ನಮ್ ಕಡೆ ಡಾಕ್ಟರಿಗೇ ಯಾಮಾರಿಸೋದು ಹೊಟ್ಟೆ ಟಿಬಿ. ಹೊಟ್ಟೇಲಿ ನೀರು, ತೂಕ ಇಳಿಯೋದು, ಸಿಎ-125 ನೂರಾರು, ಎಲ್ಲಾ ಥೇಟ್ ಕ್ಯಾನ್ಸರ್ ಥರಾನೇ. ನಮ್ಮ ದೊಡ್ಡಮ್ಮಂಗೂ ಹಿಂಗೇ ಆಯ್ತು, ಸೂಜಿ ಹಾಕಿ ತೆಗೆದ ನೀರು ತೆಳು ಹಳದಿ, ಅದ್ರಲ್ಲಿ ಎಡಿಎ (ಟಿಬಿ ಇದ್ರೆ ಏರೋ ಒಂದು ಕಿಣ್ವ) ಜಾಸ್ತಿ, ಕ್ಯಾನ್ಸರ್ ಸೆಲ್ ಸಿಗಲಿಲ್ಲ, ಅಷ್ಟಕ್ಕೇ ಬಿಡದೆ ಬಯಾಪ್ಸಿನೂ ಮಾಡಿದ್ಮೇಲೇ ಟಿಬಿ ಅಂತ ಖಾತ್ರಿಯಾಗಿ ಮಾತ್ರೆ ಶುರು ಮಾಡಿದ್ರು.

ಶ್ವಾಸಕೋಶದ ಸುತ್ತ ನಿಂತ ನೀರಲ್ಲಿ ಸಿಇಎ ಅನ್ನೋ ಇನ್ನೊಂದು ಮಾರ್ಕರ್ ನೋಡೋದು ಇದಕ್ಕಿಂತ ಪರವಾಗಿಲ್ಲ ಅನ್ಸುತ್ತೆ ನಂಗೆ. ತುಂಬಾ ಜಾಸ್ತಿ ಇದ್ರೆ ಅಡಿನೋಕಾರ್ಸಿನೋಮಾ (ಗ್ರಂಥಿ ಜೀವಕೋಶಗಳಿಂದ ಹುಟ್ಟೋ ಕ್ಯಾನ್ಸರ್) ಅನ್ನೋ ಅನುಮಾನ ಗಟ್ಟಿಯಾಗುತ್ತೆ, ಆದ್ರೆ ಕಮ್ಮಿ ಇದೆ ಅಂತ ನೆಮ್ಮದಿಯಾಗಿ ಮನೆಗೆ ಹೋಗೋ ಹಾಗಿಲ್ಲ, ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್ ಆದ ಮೀಸೋಥೀಲಿಯೋಮಾದಲ್ಲಿ ಅದು ಏರೋದೇ ಅಪರೂಪ. ಮತ್ತೆ ಈ ಫುಲ್ ಬಾಡಿ ಪ್ಯಾಕೇಜಲ್ಲಿ ಏನೂ ತೊಂದ್ರೆ ಇಲ್ದೇ ಇರೋರಿಗೂ ಮಾರ್ಕರ್ ಟೆಸ್ಟ್ ಸೇರಿಸ್ತಾರಲ್ಲ, ನಾನಂತೂ ಮಾಡಿಸಲ್ಲಪ್ಪ.