ಸೂರಿನಡಿಯ ಹಾರ್ಡ್ ಕೋರ್ಟ್

ನವೆಂಬರ್ 23, 2025, ಭಾನುವಾರ

ಬಿಸಿಲಿಲ್ಲ, ಗಾಳಿಯಿಲ್ಲ, ಹಾಗಾಗಿ ಸೂರಿನಡಿ, ಇಂಡೋರ್‌ನಲ್ಲಿ, ಟೆನಿಸ್ ಆಡೋದು ಸಲೀಸು ಅನ್ನುವವರಿದ್ದಾರೆ. ಎದುರಾಳಿಗೂ ಬಿಸಿಲಿಲ್ಲ, ಗಾಳಿಯಿಲ್ಲ ಅನ್ನೋದು ಅವರ ಲೆಕ್ಕಕ್ಕೆ ಬರೋದಿಲ್ಲ. ಸರ್ವ್‌ಗೆ ಅವನು ಮೇಲೆಸೆಯುವ ಚೆಂಡು (ಟಾಸ್) ಅಲುಗಾಡದೆ ಮೇಲೇರುತ್ತದೆ, ಸರ್ವ್ ಅಂದುಕೊಂಡ ಜಾಗಕ್ಕೇ ಬೀಳುತ್ತದೆ. ನಮಗೆ ಸಿಗುವ ಸಮಯ ಅಷ್ಟರಮಟ್ಟಿಗೆ ಕಡಿಮೆ.

ಈ ಚಳಿಗಾಲದಲ್ಲಿ ನಾನು ಮೊದಲು ಕತ್ತರಿ ಹಾಕಿದ್ದು ಹೊಡೆತಕ್ಕೆ ಮುನ್ನ ರಾಕೆಟ್ ಹಿಂದಕ್ಕೆ ಬೀಸುವ ಬ್ಯಾಕ್‌ಸ್ವಿಂಗ್‌ಗೆ. ಸರ್ವ್ ರಿಟರ್ನ್ ಮಾಡುವಾಗ ಭುಜ ತಿರುಗಿದರೆ ಸಾಕು, ರಾಕೆಟ್ ಅದರ ಜೊತೆಗೇ ಹೋಗುತ್ತದೆ. ಕೈಯನ್ನು ಬೇರೆಯಾಗಿ ಹಿಂದಕ್ಕೆ ಎಳೆಯುವುದಿಲ್ಲ. ಇವತ್ತು ಬ್ಯಾಕ್‌ಹ್ಯಾಂಡ್ ಕಡೆ ಬಂದ ಜೋರು ಸರ್ವ್‌ಗಳನ್ನು ಹೀಗೇ, ಹೆಚ್ಚುಕಡಿಮೆ ವಾಲಿ (ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯುವ ಹೊಡೆತ) ಹೊಡೆದಂತೆ, ಅಡ್ಡ ಹಿಡಿದು ನಡುವಿಗೆ ತಳ್ಳಿದೆ. ನೋಡೋಕೆ ಚಂದವಿಲ್ಲ. ಆದರೆ ಚೆಂಡು ಆಳಕ್ಕೆ ಬಿತ್ತು, ಅವನದೇ ವೇಗ ಅವನಿಗೇ ವಾಪಸ್.

ಎರಡನೆಯದು ಮೊಣಕಾಲು. ನಾವಾಡುವ ಕೋರ್ಟ್ ನುಣುಪು. ಆಕ್ರಿಲಿಕ್ ಬಣ್ಣಕ್ಕೆ ಬೆರೆಸುವ ಮರಳು ಕಡಿಮೆಯಾದಷ್ಟೂ ಚೆಂಡಿಗೆ ತಡೆ ಕಡಿಮೆ, ಅದು ನೆಲ ಸವರಿಕೊಂಡು ಜಾರುತ್ತದೆ. ಸೂರಿದ್ದ ಮಾತ್ರಕ್ಕೆ ಎಲ್ಲ ಕೋರ್ಟೂ ವೇಗದ್ದೇನಲ್ಲ; ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ (ಐಟಿಎಫ್) 1ರಿಂದ 5ರವರೆಗೆ ವೇಗದ ವರ್ಗಗಳನ್ನು ಮಾಡಿರುವುದು ಸುಮ್ಮನೆ ಅಲ್ಲ. ನಮ್ಮದರಲ್ಲಂತೂ ಸ್ಲೈಸ್ (ಚೆಂಡನ್ನು ಕೊಯ್ದಂತೆ ಸವರುವ ಹೊಡೆತ) ಹೊಡೆದರೆ ಚೆಂಡು ಪಾದದ ಗಂಟಿನ ಮೇಲೆ ಏಳೋದೇ ಕಷ್ಟ. ಸೊಂಟ ಬಗ್ಗಿಸಿದರೆ ನೆಟ್ಟಿಗೇ. ಮಂಡಿ ಮಡಿಸಿ ಇಳಿಯಬೇಕು, ಹೊಡೆದು ಮುಗಿಯುವವರೆಗೆ ಏಳಬಾರದು.

ಅದೇ ಸ್ಲೈಸ್ ನಮ್ಮ ಕೈಯಲ್ಲಿದ್ದರೆ ಸುಖ. ಡ್ಯೂಸ್ ಕೋರ್ಟಿನಿಂದ (ಅಂಕಣದ ನಮ್ಮ ಬಲಭಾಗ) ಬಲಗೈಯ ಸ್ಲೈಸ್ ಸರ್ವ್ ಹೊರಕ್ಕೆ ಜಾರುತ್ತಾ ಎದುರಾಳಿಯನ್ನು ಅಂಕಣದಾಚೆ ಎಳೆದೊಯ್ಯುತ್ತದೆ, ಮುಂದಿನ ಚೆಂಡು ಖಾಲಿ ಜಾಗಕ್ಕೆ. ಚೆಂಡನ್ನು ಮುಂದಕ್ಕೆ ಉರುಳಿಸಿ ಭುಜದೆತ್ತರ ಪುಟಿಸುವ ಟಾಪ್‌ಸ್ಪಿನ್‌ನಲ್ಲೇ ಬದುಕಿದವರಿಗೆ ಇಲ್ಲಿ ಅರ್ಧ ಆಯುಧ ಹೋದ ಹಾಗೆ. ಟಾಪ್‌ಸ್ಪಿನ್‌ಗೇ ಹೆಸರಾದ, 22 ಗ್ರ್ಯಾಂಡ್‌ಸ್ಲಾಮ್ ಗೆದ್ದ ನಡಾಲ್‌ಗೂ ಎಟಿಪಿ ಫೈನಲ್ಸ್ (ವರ್ಷಾಂತ್ಯದಲ್ಲಿ ಅಗ್ರ ಆಟಗಾರರು ಇಂಡೋರ್‌ನಲ್ಲಿ ಆಡುವ ಟೂರ್ನಿ) ದಕ್ಕಲಿಲ್ಲ. 2010, 2013ರಲ್ಲಿ ಫೈನಲ್‌ವರೆಗೆ ಬಂದು ಸೋತ. ಕಳೆದ ಭಾನುವಾರ ಟ್ಯೂರಿನ್‌ನಲ್ಲಿ ಅದೇ ಟೂರ್ನಿಯ ಫೈನಲ್‌ನಲ್ಲಿ ಅಲ್ಕರಾಜ್‌ನನ್ನು 7-6, 7-5ರಿಂದ ಮಣಿಸಿದ ಸಿನ್ನರ್‌ನನ್ನು ನೋಡಿ: ಬೇಸ್‌ಲೈನ್‌ಗೆ (ಅಂಕಣದ ಹಿಂದಿನ ಗೆರೆ) ಅಂಟಿಕೊಂಡು, ಚೆಂಡು ಏಳುತ್ತಿದ್ದಂತೆಯೇ ಚಪ್ಪಟೆಯಾಗಿ ಬಾರಿಸುವ ಆಟ ಸೂರಿನಡಿಗೆ ಹೇಳಿ ಮಾಡಿಸಿದ್ದು.

ಎದುರಾಳಿಯ ತಲೆಮೇಲಿಂದ ಎತ್ತರಕ್ಕೆ ಹೊಡೆಯುವ ಲಾಬ್ ಕಡಿಮೆ ಮಾಡಿದ್ದೇನೆ. ಚೆಂಡು ಸೂರಿಗೆ ತಗುಲಿದರೆ ಹೊಡೆದವನಿಗೇ ಪಾಯಿಂಟ್ ಕೈತಪ್ಪುತ್ತದೆ. ಇವತ್ತು ಎದುರಾಳಿಯ ಲಾಬೊಂದು ತೊಲೆಗೆ ಬಡಿದು ಕೆಳಗೆ ಬಿತ್ತು, ಅವನು ಮೇಲೆ ನೋಡಿ ತೊಲೆಯನ್ನೇ ಬೈದ!

ಇನ್ನೂ ಕೂಡಿಬರದಿರುವುದು ಸದ್ದಿನ ವಿಷಯ. ಗೋಡೆಗೆ ಬಡಿದು ದುಪ್ಪಟ್ಟಾಗುವ ಆ ಟಪ್ ಸದ್ದಿಗೆ ಸಾಧಾರಣ ಹೊಡೆತವೂ ಭಾರೀ ಅನ್ನಿಸಿ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ಸದ್ಯಕ್ಕೆ ಕಿವಿಯನ್ನು ಬಿಟ್ಟು, ಅವನ ರಾಕೆಟ್‌ಗೆ ಚೆಂಡು ತಾಗುವ ಕ್ಷಣಕ್ಕೆ ಸರಿಯಾಗಿ ಸ್ಪ್ಲಿಟ್ ಸ್ಟೆಪ್ (ಎರಡೂ ಕಾಲಲ್ಲಿ ಸಣ್ಣ ಜಿಗಿತ) ಹಾಕುವ ಅಭ್ಯಾಸ ನಡೆದಿದೆ.