ಮೌಸ್ ಬಿಟ್ಟುಕೊಟ್ಟ ದಿನ

ಭಿನ್ನರಾಶಿಯ ಪಾಠವನ್ನು ನಾನು ಪ್ರತಿ ವರ್ಷವೂ ಒಂದೇ ಪ್ರಶ್ನೆಯಿಂದ ಆರಂಭಿಸುತ್ತೇನೆ: 1/3 ದೊಡ್ಡದೋ, 1/4 ದೊಡ್ಡದೋ? ಹೆಚ್ಚಿನ ಕೈಗಳು 1/4ಕ್ಕೇ ಏಳುತ್ತವೆ. ಮೂರಕ್ಕಿಂತ ನಾಲ್ಕು ದೊಡ್ಡದು ಎಂದು ಕಲಿಸಿದವರು ನಾವೇ ಅಲ್ಲವೇ, ಮಕ್ಕಳು ಅದನ್ನು ನೆಚ್ಚಿಕೊಂಡರೆ ಅವರ ತಪ್ಪೇನು? ಕಪ್ಪುಹಲಗೆಯ ಮೇಲೆ ಎರಡು ವೃತ್ತ ಬರೆದು ತೋರಿಸುತ್ತಿದ್ದೆ. ಕೈಯಲ್ಲಿ ಬರೆದ ವೃತ್ತಗಳು ಒಂದೇ ಅಳತೆಗೆ ಬರುವುದಿಲ್ಲ. ಮೂರು ಸಮಭಾಗಗಳಂತೂ ಸೀಮೆಸುಣ್ಣಕ್ಕೆ ಒಲಿಯುವುದೇ ಇಲ್ಲ. ಸಮಭಾಗವೇ ಭಿನ್ನರಾಶಿಯ ಜೀವ. ಹಲಗೆಯ ಮೇಲೆ ಅದೇ ಸೊಟ್ಟಗಾಗುತ್ತಿತ್ತು.

ಹಿಂದೊಮ್ಮೆ ಪೆನ್‌ಡ್ರೈವ್ ತುಂಬ ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಮಾಡಿದ, ಚಲಿಸುವ ಚಿತ್ರಗಳ ಪಾಠಗಳನ್ನು ಕೂಡಿಟ್ಟಿದ್ದೆ. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಂತಿತು, ಬ್ರೌಸರ್‌ನಲ್ಲಿ ಅವು ತೆರೆಯದಾದವು. ಕಷ್ಟಪಟ್ಟು ಕಲಿತದ್ದು ಕೈಬಿಟ್ಟಿತೆಂದು ಬಹಳ ನೊಂದುಕೊಂಡೆ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಸಹೋದ್ಯೋಗಿಯೊಬ್ಬರು, ಪರದೆಯ ಮೇಲೆ ನಾವೇ ಒತ್ತಿ, ಬದಲಿಸಿ ನೋಡಬಹುದಾದ ‘ಫೆಟ್’ ಪಾಠಗಳನ್ನು ತೋರಿಸಿದ ಮೇಲೆಯೇ ಮನಸ್ಸು ತಿರುಗಿದ್ದು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆ ಅದು. ಮೊದಲು ಭೌತವಿಜ್ಞಾನಕ್ಕೆಂದು ಹುಟ್ಟಿದ್ದು ಈಗ ಪುಟ್ಟ ಮಕ್ಕಳ ಗಣಿತದವರೆಗೂ ಬಂದಿದೆ. ಒಂದು ಪಾಠವನ್ನು ಒಂದೇ ಕಡತವಾಗಿ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ನಡೆಯುತ್ತದೆ. ನನಗೆ ಧೈರ್ಯ ಕೊಟ್ಟದ್ದು ಮುಖ್ಯವಾಗಿ ಇದೇ.

ರಾತ್ರಿ ಮನೆಯಲ್ಲಿ ಕುಳಿತು ಅದರ ಭಿನ್ನರಾಶಿ ಪಾಠವನ್ನು ಅಭ್ಯಾಸ ಮಾಡಿದೆ. ಛೇದವನ್ನು ಏರಿಸಿದರೆ ವೃತ್ತ ಇನ್ನಷ್ಟು ಹೋಳಾಗುತ್ತದೆ, ಅಂಶವನ್ನು ಏರಿಸಿದರೆ ಹೋಳುಗಳು ಬಣ್ಣ ತುಂಬಿಕೊಳ್ಳುತ್ತವೆ. ಮರುದಿನ ಪ್ರೊಜೆಕ್ಟರ್ ಹಚ್ಚಿ ಎಲ್ಲವನ್ನೂ ನಾನೇ ಒತ್ತಿ ತೋರಿಸಿದೆ. ಮಕ್ಕಳು ಕಣ್ಣರಳಿಸಿ ನೋಡಿದರು. ಪಾಠ ಗೆದ್ದಿತೆಂದುಕೊಂಡು ಕೊನೆಗೆ ಚೀಟಿಯಲ್ಲಿ 1/5 ಮತ್ತು 1/6ರಲ್ಲಿ ದೊಡ್ಡದು ಯಾವುದೆಂದು ಬರೆಸಿದೆ. ಅರ್ಧದಷ್ಟು ಚೀಟಿಗಳಲ್ಲಿ 1/6 ಇತ್ತು.

ಆ ಚೀಟಿಗಳನ್ನು ಮನೆಗೆ ತಂದು ಮತ್ತೆ ಮತ್ತೆ ನೋಡಿದೆ. ಒತ್ತಿದವಳು ನಾನು, ಆದ್ದರಿಂದ ಯೋಚಿಸಿದವಳೂ ನಾನೊಬ್ಬಳೇ. ಮಕ್ಕಳಿಗೆ ಅದು ಚಂದದ ಬಣ್ಣದ ಚಿತ್ರವಾಗಿತ್ತು, ಅಷ್ಟೇ.

ಮಾರನೆಯ ದಿನ ಮೌಸ್ ಅವರ ಕೈಗೆ ಹೋಯಿತು. ಒಂದೇ ನಿಯಮ: ಒತ್ತುವ ಮೊದಲು ಏನಾಗುತ್ತದೆಂದು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಪರದೆಯ ಮೇಲೆ 1/3 ಇತ್ತು. “ಛೇದ ನಾಲ್ಕಾದರೆ ಬಣ್ಣದ ಹೋಳು ಹಿಗ್ಗುತ್ತದೋ, ಕುಗ್ಗುತ್ತದೋ?” ಪೆನ್ಸಿಲ್‌ಗಳು ಓಡಿದವು. ಹುಡುಗನೊಬ್ಬ ಒತ್ತಿದ. ಹೋಳು ಕುಗ್ಗಿತು. ‘ಹಿಗ್ಗುತ್ತದೆ’ ಎಂದು ಬರೆದಿದ್ದ ಅವನು ಹಿಂದಕ್ಕೆ ಒತ್ತಿದ, ಮತ್ತೆ ಮುಂದಕ್ಕೆ ಒತ್ತಿದ, ಐದು, ಆರು, ಎಂಟರವರೆಗೆ ಹೋದ. ನಾನು ಬಾಯಿ ತೆರೆಯಲಿಲ್ಲ. ಮೇಷ್ಟರ ಕೆಲಸದಲ್ಲಿ ಅದರಷ್ಟು ಕಷ್ಟದ್ದು ಬೇರೊಂದಿಲ್ಲ. ಅವನೇ ತಿರುಗಿ ಹೇಳಿದ: “ಹಂಚಿಕೊಳ್ಳುವವರು ಹೆಚ್ಚಾದರು, ಅದಕ್ಕೇ ಪಾಲು ಸಣ್ಣದಾಯಿತು.” ಇಷ್ಟು ವರ್ಷಗಳಲ್ಲಿ ನಾನು ಇದನ್ನು ಇಷ್ಟು ಸರಳವಾಗಿ ಹೇಳಿರಲಿಲ್ಲ.

ಅವನ ನಂತರ ಬಂದವಳು ಸಾಮಾನ್ಯವಾಗಿ ಮಾತೇ ಆಡದ ಹುಡುಗಿ. 4/4ಕ್ಕೆ ವೃತ್ತ ತುಂಬಿತು, ಅಂಶ ಮುಂದೆ ಹೋಗಲಿಲ್ಲ. ನಾನು ಗಮನಿಸಿಯೇ ಇರದ ‘ಗರಿಷ್ಠ’ ಎಂಬ ಪುಟ್ಟ ಅಂಕಿಯನ್ನು ಅವಳು ಹುಡುಕಿ ಎರಡಕ್ಕೆ ಏರಿಸಿದಳು. ಪಕ್ಕದಲ್ಲೇ ಇನ್ನೊಂದು ಖಾಲಿ ವೃತ್ತ ಮೂಡಿತು. 5/4.

“ಟೀಚರ್, ಒಂದಕ್ಕಿಂತ ದೊಡ್ಡ ಭಿನ್ನರಾಶಿಯೂ ಇರುತ್ತದೆಯೇ?”

ವಿಷಮ ಭಿನ್ನರಾಶಿ ನನ್ನ ಪಾಠಯೋಜನೆಯಲ್ಲಿ ಎರಡು ವಾರದ ಆಚೆ ಇತ್ತು. “ನೀನೇ ನೋಡು” ಎಂದೆ. ಅವಳು ಒತ್ತುತ್ತಾ ಹೋದಳು: 6/4, 7/4. ಎಂಟನೆಯ ಹೋಳು ತುಂಬುವ ಮೊದಲೇ, ನಾನು ಕೇಳದಿದ್ದರೂ, ಹಿಂದಿನ ಸಾಲಿನಿಂದ ಕೂಗು ಬಂತು: “ಎರಡು! ಪೂರ್ತಿ ಎರಡು!”