ಇನ್ನೂ ಆ ಡ್ರ್ಯಾಗನ್ ಪುಸ್ತಕ ಬಿಟ್ಟಿಲ್ವಾ?

ಇಲ್ಲ, ಬಿಟ್ಟಿಲ್ಲ. ಡ್ರ್ಯಾಗನ್ನು, ರಾಕೆಟ್ಟು ಇರುವ ಕಲ್ಪನೆಯ ಕಥೆಗಳನ್ನು ಈಗಲೂ ಓದುತ್ತೇನೆ.

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ನನಗೆ ವಯಸ್ಸು 43. ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಮಗಳು ಪಿಯುಸಿ ಓದುತ್ತಿದ್ದಾಳೆ. ಇಂಥವಳು ಬಸ್ಸಿನಲ್ಲಿ ಕೂತು ಡ್ರ್ಯಾಗನ್ ಚಿತ್ರದ ದಪ್ಪ ಪುಸ್ತಕ ತೆಗೆದರೆ ಪಕ್ಕದವರಿಗೆ ಏನೋ ಸಂಕಟ. ಮೊದಲು "ಮಗಳಿಗಾ?" ಅಂತಾರೆ. ಅಲ್ಲ, ನನಗೇ ಅಂದರೆ "ಓ" ಅಂತಾರೆ. ಆ "ಓ" ಇದೆಯಲ್ಲ, ಅದನ್ನು ಕೇಳಿಯೇ ಅರ್ಧ ಆಯುಷ್ಯ ಹೋಯಿತು.

ಇನ್ನೊಂದು ಜಾತಿಯವರಿದ್ದಾರೆ. "ರಾಕೆಟ್ಟು, ವಿಮಾನ ಎಲ್ಲ ನಮ್ಮ ಪುರಾಣದಲ್ಲಿ ಆಗಲೇ ಇತ್ತು ಬಿಡಿ" ಅನ್ನುವವರು. ಇತ್ತು ಅಂತಲೇ ಇಟ್ಟುಕೊಳ್ಳೋಣ. ಹಾಗಿದ್ದರೆ ನಾನು ಓದುವುದಕ್ಕೆ ನಿಮ್ಮದೇನು ತಕರಾರು?

ಆದರೆ ನನ್ನನ್ನು ನಿಜಕ್ಕೂ ಕೆರಳಿಸಿದ್ದು ಚಿಕ್ಕಪ್ಪ. ಅವರ ಮೊಮ್ಮಗನ ಉಪನಯನ. ಊಟ ಮುಗಿದಿತ್ತು. ಜಗಲಿಯಲ್ಲಿ ಇಸ್ಪೀಟು ನಡೆದಿತ್ತು. ನಾನು ಮೂಲೆಯಲ್ಲಿ ಗೋಡೆಗೆ ಒರಗಿ ಓದುತ್ತಿದ್ದೆ. ಚಿಕ್ಕಪ್ಪ ಎಲೆ ಅಡಿಕೆಯ ಕವಳ ಹಾಕಿಕೊಳ್ಳುತ್ತಾ ಎಲ್ಲರಿಗೂ ಕೇಳುವ ಹಾಗೆ, "ಅಲ್ಲ ಮಾರಾಯ್ತಿ, ದಿನವಿಡೀ ಸಂಘದಲ್ಲಿ ಲೆಕ್ಕ ನೋಡ್ತೆ, ಮನೆಗೆ ಬಂದು ಸುಳ್ಳು ಓದ್ತೆ. ಅದ್ರಲ್ಲಿ ಎಂತ ಖುಷಿ?" ಅಂದರು. ನಾಲ್ಕು ಜನ ನಕ್ಕರು. ನಾನೂ ನಕ್ಕೆ. ಆಗ ಉತ್ತರ ಹೊಳೆಯಲಿಲ್ಲ. ಒಳ್ಳೆಯ ಉತ್ತರಗಳೆಲ್ಲ ನನಗೆ ಪಾತ್ರೆ ತೊಳೆಯುವಾಗಲೇ ಹೊಳೆಯುವುದು.

ಅದೇ ರಾತ್ರಿ ಪಕ್ಕದ ಊರಿನಲ್ಲಿ ಯಕ್ಷಗಾನದ ಆಟ ಇತ್ತು. ಪ್ರಸಂಗ ಭಸ್ಮಾಸುರ ಮೋಹಿನಿ. ಎಲ್ಲರೂ ಜೀಪು ಹತ್ತಿ ಹೋದೆವು. ಕಥೆ ನಿಮಗೆ ಗೊತ್ತು. ಯಾರ ತಲೆ ಮೇಲೆ ಕೈ ಇಟ್ಟರೂ ಅವರು ಬೂದಿಯಾಗಬೇಕು, ಈಶ್ವರ ಕೊಟ್ಟ ವರ ಅದು. ಕೊನೆಗೆ ಮೋಹಿನಿ ಕುಣಿಸಿ ಕುಣಿಸಿ ಅವನ ಕೈಯನ್ನು ಅವನ ತಲೆಗೇ ಇಡಿಸುತ್ತಾಳೆ. ಭಸ್ಮಾಸುರನ ವೇಷ ಹಾಕಿದ್ದವನು ಹೊಸ ಹುಡುಗ. ಕುಣಿತ ಚೆನ್ನಾಗಿತ್ತು. ವರ ಸಿಕ್ಕ ಖುಷಿಯಲ್ಲಿ ಒಂದು ಸುತ್ತು ಜೋರಾಗಿ ತಿರುಗಿದ, ಕಿರೀಟ ಸ್ವಲ್ಪ ವಾಲಿತು. ಪಾಪ, ಕೈ ಎತ್ತಿ ಸರಿ ಮಾಡಿಕೊಂಡ.

ಚಿಕ್ಕಪ್ಪ ಕುರ್ಚಿಯಿಂದ ಅರ್ಧ ಎದ್ದೇ ಬಿಟ್ಟರು. "ಥೋ! ಸತ್ತ!"

ವಾಪಸ್ ಬರುವಾಗ ದಾರಿಯುದ್ದಕ್ಕೂ ಅದೇ ಮಾತು. "ವರ ಸಿಕ್ಕ ಮೇಲೆ ತಲೆ ಮುಟ್ಕಂಡ್ನಲ್ಲ, ಅಲ್ಲೇ ಬೂದಿ ಆಗ್ಬೇಕಿತ್ತು. ಮತ್ತೆ ಮೋಹಿನಿ ಎಂತಕ್ಕೆ ಬರ್ಬೇಕು? ಮನೆಗೆ ಹೋಗಿ ಮಲಗ್ಲಿ." ಜೀಪು ಓಡಿಸುತ್ತಿದ್ದ ಭಾವ, ಕಿರೀಟ ಮುಟ್ಟಿದ್ದು, ತಲೆಯನ್ನಲ್ಲವಲ್ಲ ಅಂತ ವಾದಕ್ಕಿಳಿದರು. ಕಿರೀಟ ಹಾಕಿದ ರಾಜನ ತಲೆ ಮೇಲೆ ಕೈ ಇಟ್ಟರೆ ಸುಡುವುದಿಲ್ಲವಾ ಹಾಗಾದರೆ ಅಂತ ಚಿಕ್ಕಪ್ಪ. ಬೆಳಗಿನ ಜಾವ ನಾಲ್ಕು ಗಂಟೆ. ಎಪ್ಪತ್ತು ದಾಟಿದ ಮನುಷ್ಯ ಒಬ್ಬ ರಾಕ್ಷಸನ ವರದ ಷರತ್ತುಗಳ ಬಗ್ಗೆ ಸಿಟ್ಟಿನಿಂದ ನಡುಗುತ್ತಿದ್ದಾರೆ.

ಎಂತ ಖುಷಿ ಅಂತ ಕೇಳಿದಿರಲ್ಲ ಚಿಕ್ಕಪ್ಪ. ಇದೇ ಖುಷಿ.

ನಾನು ಓದುವ ಪುಸ್ತಕಗಳಲ್ಲಿ ಬರೆದವನು ಮೊದಲಿಗೆ ಒಂದು ಸುಳ್ಳು ಹೇಳುತ್ತಾನೆ. ಹೇಳಿಯೇ ಹೇಳುತ್ತಾನೆ, ಕದ್ದುಮುಚ್ಚಿ ಅಲ್ಲ. ಅದನ್ನು ನಾನು ಆರಂಭದ ಶಿಲ್ಕು, ಅಂದರೆ ಲೆಕ್ಕ ಶುರುವಾಗುವ ಮೊತ್ತ ಅಂತ ಒಪ್ಪಿಕೊಳ್ಳುತ್ತೇನೆ. ಆಮೇಲೆ ಕೊನೆಯ ಪುಟದವರೆಗೂ ಜಮಾ ಖರ್ಚು ತಾಳೆಯಾಗಬೇಕು.

ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ 1897ರಲ್ಲಿ 'ದಿ ಇನ್‌ವಿಸಿಬಲ್ ಮ್ಯಾನ್' ಬರೆದರು. ಕಣ್ಣಿಗೆ ಕಾಣದ ಮನುಷ್ಯ, ಅದೊಂದೇ ಸುಳ್ಳು. ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಸೀದಾ ಬ್ಯಾಂಕಿಗೆ ನುಗ್ಗುತ್ತಿದ್ದೆವು. ಆದರೆ ವೆಲ್ಸ್ ಅವನನ್ನು ಮೊದಲು ಮೆಟ್ಟಿಲು ಇಳಿಸುತ್ತಾರೆ. ಅವನು ಎಡವುತ್ತಾನೆ. ಯಾಕೆಂದರೆ ತನ್ನ ಕಾಲು ತನಗೇ ಕಾಣುತ್ತಿಲ್ಲ! ಬಟ್ಟೆ ಹಾಕಿದರೆ ಬಟ್ಟೆ ಕಾಣುತ್ತದೆ, ಹಾಗಾಗಿ ಲಂಡನ್ನಿನ ಜನವರಿ ಚಳಿಯಲ್ಲಿ ಬೆತ್ತಲೆ ತಿರುಗಬೇಕು. ಶೀತವಾಗುತ್ತದೆ, ಸೀನು ಬರುತ್ತದೆ. ಕೆಸರು ಕಾಲಿನ ಗುರುತು ಹಿಡಿದು ಬೀದಿ ಹುಡುಗರು ಹಿಂದೆ ಬೀಳುತ್ತಾರೆ. ಹಿಮ ಬಿದ್ದರೆ ಮೈಮೇಲೆ ಕೂರುತ್ತದೆ. ಊಟ ಮಾಡಿದರೆ ತಿಂದದ್ದು ಜೀರ್ಣವಾಗುವ ತನಕ ಹೊರಗಿನವರಿಗೆ ಕಾಣುತ್ತದೆ. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮಡಿಚಿಟ್ಟು ಸುಮ್ನೆ ಕೂತಿದ್ದೆ. ಯಾರಿಗೂ ಕಾಣಬಾರದು ಅಂತ ಎಷ್ಟು ಸಲ ಅಂದುಕೊಂಡಿದ್ದೇನೋ. ಒಂದು ಸಲವಾದರೂ ಹೊಟ್ಟೆಯೊಳಗಿನ ಅನ್ನದ ಯೋಚನೆ ಬಂದಿರಲಿಲ್ಲ.

"ವಾಸ್ತವದಿಂದ ಓಡಿಹೋಗೋದು ಅಷ್ಟೇ" ಅನ್ನುವವರಿಗೆ: ಹೌದು, ಓಡಿಹೋಗಿದ್ದೇನೆ. ಅಪ್ಪ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನ ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಎಂಟುನೂರು ಪುಟದ ಡ್ರ್ಯಾಗನ್ ಕಥೆ ಓದಿದೆ. ಪಕ್ಕದ ಬೆಂಚಿನವರು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ನಿಜ ಹೇಳಬೇಕೆಂದರೆ, ಯಾಕೆ ಓದ್ತೀಯ ಅಂತ ಕೇಳುವ ಬದಲು ಯಾವುದನ್ನು ಅರ್ಧಕ್ಕೆ ಬಿಟ್ಟೆ ಅಂತ ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು. ಅದಕ್ಕೆ ಉತ್ತರ ಸಿದ್ಧವಾಗಿದೆ. ಒಂದು ಕಥೆಯಲ್ಲಿ ನಾಯಕ ಇನ್ನೂರನೇ ಪುಟದಲ್ಲಿ ನದಿ ಈಜಿ ಸಾಯುವ ಹಾಗಾಗುತ್ತಾನೆ. ನಾನೂರನೇ ಪುಟದಲ್ಲಿ ಕೋಟೆ ಮೇಲಿಂದ ಹಾರಿ ಹೋಗುತ್ತಾನೆ, ರಕ್ತದಲ್ಲೇ ಆ ಶಕ್ತಿ ಇತ್ತಂತೆ. ಇದ್ದಿದ್ದರೆ ನದಿ ಯಾಕಪ್ಪಾ ಈಜಿದೆ? ವೋಚರ್ ಇಲ್ಲದ ಖರ್ಚು ಇದು. ಅಲ್ಲಿಗೇ ಮುಚ್ಚಿಟ್ಟೆ. ಇಂಥವು ಬೇಕಾದಷ್ಟಿವೆ. ನಾನು ಓದುವುದೆಲ್ಲ ಅಪ್ಪಟ ಚಿನ್ನ ಅಂತ ಎಲ್ಲೂ ಹೇಳಿಲ್ಲ.

ಯಾಕೆ ಓದ್ತೀಯ ಅಂತ ಕೇಳಿದವರಿಗೆ ನಾನು ಕೈಗೆ ಕೊಡುವುದು ಮಾತ್ರ ತೀರಾ ಚಿಕ್ಕ ಕಥೆ. ಬಂಗಾಳದ ಲೇಖಕಿ ರೊಕೆಯಾ ಸಖಾವತ್ ಹುಸೇನ್ ಬರೆದ 'ಸುಲ್ತಾನಾಸ್ ಡ್ರೀಮ್'. 1905ರಲ್ಲಿ ಮದರಾಸಿನ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಬಂತು. ಇಲ್ಲಿಯೂ ಒಂದೇ ಸುಳ್ಳು: ಪರದೆಯೊಳಗೆ ಇರುವವರು ಗಂಡಸರು, ಹೊರಗೆ ತಿರುಗುವವರು ಹೆಂಗಸರು. ಉಳಿದದ್ದೆಲ್ಲ ಲೆಕ್ಕ. ಅಡುಗೆಮನೆಯಲ್ಲಿ ಹೊಗೆಯಿಲ್ಲ, ಕಲ್ಲಿದ್ದಲಿಲ್ಲ, ಬಿಸಿಲಿನ ಶಾಖದಲ್ಲೇ ಅಡುಗೆ. ಕಚೇರಿ ಕೆಲಸ ಎರಡು ಗಂಟೆಯಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಮ್ಯಾಜಿಸ್ಟ್ರೇಟರು ಏಳು ಗಂಟೆ ದುಡಿಯುತ್ತಾರಲ್ಲ ಅಂತ ಸುಲ್ತಾನಾ ಕೇಳಿದರೆ ಅಲ್ಲಿನ ಹೆಂಗಸು ಲೆಕ್ಕ ಬಿಡಿಸಿ ಹೇಳುತ್ತಾಳೆ: ಒಂದು ಚುಟ್ಟಾ ಸೇದಿ ಮುಗಿಸಲು ಅರ್ಧ ಗಂಟೆ, ದಿನಕ್ಕೆ ಹನ್ನೆರಡು ಚುಟ್ಟಾ, ಒಟ್ಟು ಆರು ಗಂಟೆ ಹೊಗೆ. ರೊಕೆಯಾ ಅವರ ಗಂಡ ಭಾಗಲ್ಪುರದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿದ್ದರು ಅನ್ನುವುದನ್ನು ಇಲ್ಲಿ ಸುಮ್ನೆ ಸೇರಿಸುತ್ತೇನೆ.

ಇದನ್ನು ಓದಿದ ಮರುದಿನ ಸಂಘದಲ್ಲಿ ಕೂತು, ಚಹಾಕ್ಕೆ ಎದ್ದು ಹೋಗುವವರ ಸಮಯ ಒಂದು ಚೀಟಿಯಲ್ಲಿ ಬರೆದಿಟ್ಟೆ. ಮೊತ್ತ ಇಲ್ಲಿ ಹಾಕುವುದಿಲ್ಲ. ನನಗೂ ಕೆಲಸ ಬೇಕು. ಆದರೆ ವಾಸ್ತವದಿಂದ ಓಡಿಹೋದವಳು ಹಾಗೆಲ್ಲ ಚೀಟಿ ಬರೆಯುತ್ತಾಳಾ?

ಮೊನ್ನೆ ಚಿಕ್ಕಪ್ಪ ಮನೆಗೆ ಬಂದಿದ್ದರು. ಮತ್ತೆ ಶುರು ಮಾಡುವ ಮೊದಲೇ ಆ ಕಾಣದ ಮನುಷ್ಯನ ಕಥೆ ಹೇಳಿದೆ. ಮೆಟ್ಟಿಲು, ಚಳಿ, ಸೀನು, ಹೊಟ್ಟೆಯೊಳಗಿನ ಊಟ, ಎಲ್ಲ. ಅವರು ಅಡಕತ್ತರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೇಳಿದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಮಾತಿಲ್ಲ.

"ಕವಳ ಹಾಕಿದ್ರೆ?" ಅಂದರು.

"ಹಾಂ?"

"ಅಲ್ದೇ, ಕವಳ ಹಾಕಿದ್ರೆ ಬಾಯೊಳಗೆ ಕೆಂಪು ಕಾಣತ್ತೋ ಇಲ್ವೋ? ಅದು ಊಟ ಅಲ್ಲ. ನುಂಗೂದೂ ಇಲ್ಲ."

ಅವನು ಕವಳ ಹಾಕುತ್ತಿರಲಿಲ್ಲ ಚಿಕ್ಕಪ್ಪ, ಇಂಗ್ಲೆಂಡಿನವನು ಅಂದೆ.

"ಹಂಗಾರೆ ಅದೊಂದು ಬಿಟ್ಟೋಗಿದೆ" ಅಂದು ಅಡಿಕೆ ಕತ್ತರಿಸಲು ಶುರು ಮಾಡಿದರು.